ಚಪ್ಪಲಿ ಬಿಡದೆ ಒಳಗೆ ಬಂದ ಡ್ರೈವರ್

೨೦೦೩ರಲ್ಲಿ ನಾನು ಕೊಳ್ಳೇಗಾಲದ ಆಸ್ಪತ್ರೆಯೊಂದರಲ್ಲಿ ಫಿಸಿಷಿಯನ್ ಆಗಿದ್ದೆ. ಇಪ್ಪತ್ತು ವರ್ಷಗಳಿಂದ ಅದೇ ಬಿ.ಪಿ., ಅದೇ ಸಕ್ಕರೆ ಕಾಯಿಲೆ, ಅದೇ "ಮಾತ್ರೆ ಬುಟ್ಬುಟ್ಟೆ ಡಾಕ್ಟ್ರಮ್ಮ" ಎಂಬ ಉತ್ತರ. ಬೈಯುವುದಕ್ಕೂ ಬೇಸರ ಬಂದಿತ್ತು. ಆಗ ನನ್ನ ಪಾಲಿಗೆ ಬಂದವನು ಶಾಗ್ಯ ಎಂಬ ಊರಿನ ಪುಟ್ಟಮಾದು. ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್.

ಹಿಂದಿನ ವರ್ಷ ಅವನು ಬೆಟ್ಟದ ತಿರುವೊಂದರಲ್ಲಿ ಸ್ಟೀರಿಂಗ್ ಹಿಡಿದೇ ತೂಕಡಿಸಿದ್ದ. ಕಂಡಕ್ಟರ್ ಕಿರುಚಿದ್ದರಿಂದ ಬಸ್ಸಿನ ತುಂಬ ಇದ್ದ ಜನ ಬದುಕಿಕೊಂಡರು. ಕುಡಿದಿದ್ದ ಅಂದವರೇ ಹೆಚ್ಚು. ಪಾಪ, ಅವನು ಕುಡಿಯುವವನೇ ಅಲ್ಲ. ಅವನಿಗಿದ್ದದ್ದು ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿಕೊಂಡು ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ. ರಾತ್ರಿಯಿಡೀ ಮಲಗಿದ್ದರೂ ನಿದ್ದೆಯಾಗಿರುವುದಿಲ್ಲ, ಹೃದಯಕ್ಕೂ ಪೆಟ್ಟು. ಮೈಸೂರಿನಲ್ಲಿ ಪರೀಕ್ಷೆ ಮಾಡಿ ಸಿಪ್ಯಾಪ್ ಯಂತ್ರ ಕೊಟ್ಟರು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಲಗಿದರೆ ಅದು ಗಾಳಿ ಒತ್ತಿ ದಾರಿಯನ್ನು ತೆರೆದಿಡುತ್ತದೆ. ಕೆಲವೇ ತಿಂಗಳಲ್ಲಿ ಗೊರಕೆ, ತೂಕಡಿಕೆ ಎರಡೂ ಹೋದವು. ಹೆಂಡತಿ ಚಿಕ್ಕತಾಯಮ್ಮನಿಗೆ ಅದೇ ಹೊಸ ಚಿಂತೆ. "ಸದ್ದೇ ಇಲ್ಲ ಕಣ್ರವ್ವ, ನಾನೇ ಎದ್ದೆದ್ದು ಉಸ್ರು ಐತಾ ಅಂತ ನೋಡ್ತೀನಿ" ಅಂದಳು.

ಬೆಟ್ಟದ ರೂಟನ್ನು ಮತ್ತೆ ಕೊಡಲು ಬಸ್ಸಿನ ಮಾಲೀಕರು ನನ್ನ ಪತ್ರ ಕೇಳಿದರು. ನಿದ್ದೆ ಸರಿಹೋದ ಮಾತ್ರಕ್ಕೆ ಹೃದಯವೂ ಸರಿಯಾಗಿದೆ ಎಂದು ಬರೆದುಕೊಡಲು ಬರುವುದಿಲ್ಲ. ರಕ್ತ ತೆಗೆಸಿ ಮೈಸೂರಿಗೆ ಕಳಿಸಿದೆ. ಕೊಲೆಸ್ಟರಾಲ್ ಜೊತೆಗೆ ಸಿಆರ್‌ಪಿ ಎಂಬ ಪ್ರೋಟೀನನ್ನೂ ನೋಡಿಸಿದೆ. ದೇಹದಲ್ಲಿ ಎಲ್ಲೇ ಉರಿಯೂತವಿದ್ದರೂ ಅದು ಏರುತ್ತದೆ, ರಕ್ತನಾಳದ ಒಳಗೋಡೆಯ ಸಣ್ಣ ಉರಿಯೂತವನ್ನೂ ತೋರಿಸುತ್ತದೆ. ಮೂರು ದಾಟಿದರೆ ಹೃದಯಕ್ಕೆ ಅಪಾಯ ಹೆಚ್ಚು. ಯಂತ್ರಕ್ಕೆ ಮುಂಚೆ ಅವನದು ಐದಿತ್ತು. ಈಗ ಹದಿನೆಂಟು ಬಂತು.

ನನಗೆ ತಲೆ ಕೆಟ್ಟುಹೋಯಿತು. ಚಿಕಿತ್ಸೆ ಪಡೆದವನಿಗೆ ಇಳಿಯಬೇಕಾದದ್ದು ಏರಿದೆ! ರಿಪೋರ್ಟ್ ಕೇಳಲು ಹೆಂಡತಿಯ ಜೊತೆ ಬಂದವನ ಮುಖವೇನೋ ಗೆಲುವಾಗಿತ್ತು. ಆದರೆ ಅವನು ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದ. ನಮ್ಮ ಕಡೆಯವರು ಡಾಕ್ಟರ ಕೋಣೆಗೆ ಚಪ್ಪಲಿ ತರುವುದಿಲ್ಲ, ಬೇಡವೆಂದರೂ ಬಾಗಿಲಲ್ಲೇ ಬಿಡುತ್ತಾರೆ. ಪುಟ್ಟಮಾದುವೂ ಅಲ್ಲಿಯತನಕ ಹಾಗೇ ಮಾಡಿದವನು.

"ಚಪ್ಪಲಿ ಬಿಚ್ಚಯ್ಯ, ಕಾಲು ನೋಡ್ಬೇಕು" ಅಂದೆ.

ಅವನು ಹೆಂಡತಿಯ ಮುಖ ನೋಡಿದ. ಬಿಚ್ಚಿದರೆ ಎರಡೂ ಅಂಗಾಲು ಬೊಬ್ಬೆಯೆದ್ದು ಒಡೆದು, ಒಂದರಲ್ಲಿ ಕೀವು ತುಂಬಿತ್ತು.

"ಅರಕೆ ಇತ್ತು ಡಾಕ್ಟ್ರಮ್ಮ. ಈ ತೂಕಡ್ಕೆ ಓದ್ರೆ ಬರಿಗಾಲಲ್ಲಿ ಬತ್ತೀನಿ ಅಂತ ಬೆಟ್ಟದ್ ಮಾದಪ್ಪಂಗೆ ಏಳ್ಕಂಡಿದ್ದೆ. ನಡ್ಕಂಡು ಓಗ್ಬಂದ್ಮೇಲೆ ರಕ್ತ ಕೊಟ್ಟೆ."

"ಸಕ್ಕರೆ ಕಾಯಿಲೆ ಇದೆ, ಬರಿಗಾಲಲ್ಲಿ ನಡೀಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ?"

"ಅದ್ಕೇ ನಿಮ್ಗೆ ಏಳ್ನಿಲ್ಲ" ಅಂದ.

ನಗು ಬಂತು, ಅಳುವೂ ಬಂತು. ಹದಿನೆಂಟಕ್ಕೆ ಏರಿಸಿದ್ದು ಹೃದಯವಲ್ಲ, ಆ ಕೀವು. ಹುಣ್ಣಿಗೆ ಔಷಧಿ ಕೊಟ್ಟು, ಪೂರ್ತಿ ಮಾಯುವ ತನಕ ಕಾದು ಮತ್ತೆ ರಕ್ತ ಕಳಿಸಿದೆ.

ನಾಲ್ಕು ಬಂತು, ಇನ್ನೂ ಮೂರರ ಮೇಲೆಯೇ. ಏರಿದ್ದ ಕೊಲೆಸ್ಟರಾಲ್ ಎಲ್ಲಿತ್ತೋ ಅಲ್ಲೇ ಇತ್ತು. ಯಂತ್ರ ಉಸಿರನ್ನು ಸರಿಮಾಡಿತ್ತು, ಅಷ್ಟೆ. ಇಳಿಯದ ತೂಕ, ಆಗಾಗ ತಪ್ಪುತ್ತಿದ್ದ ಮಾತ್ರೆ, ಇವುಗಳ ಲೆಕ್ಕ ರಕ್ತದಲ್ಲಿ ಹಾಗೇ ಉಳಿದಿತ್ತು. ಬಯಲ ರಸ್ತೆಯಲ್ಲಿ ಎದೆ ಹಿಡಿದುಕೊಂಡರೆ ಬಸ್ಸು ಪಕ್ಕಕ್ಕೆ ನಿಲ್ಲಿಸಬಹುದು. ಬೆಟ್ಟದ ತಿರುವಿನಲ್ಲಿ ಪಕ್ಕ ಅಂದರೆ ಕಣಿವೆ. ಸದ್ಯಕ್ಕೆ ಯಳಂದೂರಿನ ರೂಟ್ ಕೊಡಿ, ಬೆಟ್ಟ ಬೇಡ ಎಂದು ಬರೆದೆ.

"ಯಳಂದೂರ್ಗೆ ಯಾರ್ ಬೇಕಾರೂ ಓಡುಸ್ತಾರೆ ಕಣ್ರವ್ವ. ಮಾದಪ್ಪನ್ ತಾವ್ಕೆ ಜನಾನ ಮುಟ್ಸೋದು ನನ್ ಕೆಲ್ಸ. ಇದೊಂದ್ಸಲ ಬರ್ಕೊಡಿ" ಅಂದು ಕೈಮುಗಿದ. ಅಷ್ಟು ದೊಡ್ಡ ಆಳು ಮಗುವಿನ ಹಾಗೆ ಅತ್ತ. ಅವತ್ತು ನನಗೆ ನಿಜವಾಗಿ ಸಾಕಾಗಿತ್ತು. ಬರೆದುಕೊಟ್ಟು ಕಳಿಸಿಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಕೊಡಲಿಲ್ಲ. ಅವನು ಸಿಟ್ಟಿನಿಂದ ಎದ್ದುಹೋದ.

ಮುಂದಿನ ವರ್ಷ ನಾನು ನಿವೃತ್ತಳಾದೆ. ಒಮ್ಮೆ ಯಳಂದೂರಿಗೆ ಬಸ್ಸು ಹತ್ತಿದರೆ ಸ್ಟೀರಿಂಗ್ ಹಿಂದೆ ಅವನೇ! ಮೈ ಇಳಿದಿತ್ತು. ದಾರಿಯುದ್ದಕ್ಕೂ ನನ್ನ ಕಡೆ ತಿರುಗಲಿಲ್ಲ. ಇಳಿಯುವಾಗ ನಾನೇ ಕೇಳಿದೆ, "ಈಗ ನಿದ್ದೆ ಬರುತ್ತೇನಯ್ಯ, ಗಾಡಿ ಓಡಿಸ್ತಾ?"

"ನಿದ್ದೆ ಎಲ್ಬಂತು? ಎದುರ್ಗೆ ಬೆಟ್ಟದ್ ಬಸ್ ಬಂದ್ರೆ ಒಟ್ಟೆ ಉರೀತದೆ."

ರೋಗಿ ಗೆಲುವಾಗಿದ್ದಾನೆ ಅನ್ನುವುದು ಒಂದು, ಅವನ ರಕ್ತ ಹೇಳುವುದು ಇನ್ನೊಂದು. ರಕ್ತದ ಮಾತನ್ನು ನಂಬುವ ಮೊದಲು ಅವನ ಕಾಲನ್ನೂ ನೋಡಬೇಕು. ಎಲ್ಲ ನೋಡಿದ ಮೇಲೆ, ಅವನ ಸಿಟ್ಟನ್ನು ಹೊತ್ತುಕೊಳ್ಳುವುದೂ ಡಾಕ್ಟರ ಕೆಲಸವೇ ಎಂದು ಆ ವರ್ಷ ಕಲಿತೆ.

"ಉರೀಲಿ ಬಿಡು" ಅಂದೆ. "ಉರಿಯೋಕಾದ್ರೂ ನೀನಿರ್ಬೇಕಲ್ಲ."