ಒಗ್ಗರಣೆಯನ್ನು ಯಾರು ಬರೀತಾರೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ವಿದ್ಯಾರ್ಥಿನಿಯರು ಹೇಳುತ್ತಾರೆ. ಬೆನ್ನ ಹಿಂದೆ ಹೇಳುತ್ತಾರೆ, ಆದರೆ ನಮ್ಮ ಪ್ರಾಕ್ಟಿಕಲ್ ಕೋಣೆಗೂ ನಾನು ಕೂರುವ ಕೋಣೆಗೂ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ, ಎಲ್ಲವೂ ಕೇಳಿಸುತ್ತದೆ. ಸುಳ್ಳೇನೂ ಅಲ್ಲ, ಬಿಡಿ. ಬಸವನಗುಡಿಯ ಒಂದು ಕಾಲೇಜಿನಲ್ಲಿ ಪಥ್ಯದ ಅಡುಗೆ ಕಲಿಸುವುದು ನನ್ನ ಕೆಲಸ. ಆರು ಗ್ಯಾಸ್ ಒಲೆ, ಆರು ತೂಕದ ಯಂತ್ರ, ಮೂವತ್ತು ಹುಡುಗಿಯರು. ಸಕ್ಕರೆ ಕಾಯಿಲೆಯವರ ಊಟ, ಕಿಡ್ನಿ ಕೆಟ್ಟವರ ಊಟ ಎಲ್ಲ ಮುಗಿದ ಮೇಲೆ, ವರ್ಷದ ಕೊನೆಯಲ್ಲಿ, ಪ್ರೋಟೀನ್ ಒಗ್ಗದ ಮಕ್ಕಳ ಊಟದ ಪಾಠ ಬರುತ್ತದೆ.

ಕೆಲವು ಮಕ್ಕಳು ಹುಟ್ಟುವಾಗಲೇ ಈ ತೊಂದರೆ ಹೊತ್ತು ಬರುತ್ತವೆ. ಪ್ರೋಟೀನಿನ ಒಂದು ಅಂಶವನ್ನು ಅವರ ಮೈ ಅರಗಿಸಲಾರದು. ಅದು ರಕ್ತದಲ್ಲಿ ಉಳಿದು ಉಳಿದು ಮಿದುಳನ್ನು ಕೆಡಿಸುತ್ತದೆ. ಹಾಗಾಗಿ ಹಾಲಿಲ್ಲ, ಮೊಸರಿಲ್ಲ, ಬೇಳೆಯಿಲ್ಲ, ಕಾಳಿಲ್ಲ. ಅನ್ನವನ್ನು ಕೂಡ ತೂಗಿ ಬಡಿಸಬೇಕು. ಬೆಳೆಯಲು ಬೇಕಾದ ಉಳಿದದ್ದೆಲ್ಲ ಒಂದು ಪುಡಿಯಲ್ಲಿರುತ್ತದೆ, ಅದನ್ನು ನೀರಿನಲ್ಲಿ ಕದಡಿ ದಿನಕ್ಕೆ ಮೂರು ಸಲ ಕುಡಿಸಬೇಕು. ಅದರ ವಾಸನೆಗೆ ನನ್ನ ಹುಡುಗಿಯರು ಕಿಟಕಿಯ ಹತ್ತಿರ ಓಡುತ್ತಾರೆ. ಮಕ್ಕಳು ಮಾತ್ರ ಮೂಗು ಮುಚ್ಚಿಕೊಂಡು ಕುಡಿಯುತ್ತವೆ.

ಪ್ರತಿ ವರ್ಷವೂ ಮೊದಲ ದಿನ ಒಬ್ಬಳಾದರೂ ಕೈಯೆತ್ತುತ್ತಾಳೆ.

"ಮ್ಯಾಮ್, ನಮ್ಮನೇಲಿ ಮೊಟ್ಟೆನೂ ತರಲ್ಲ. ನಮ್ಮೂಟ ಹೆಂಗಿದ್ರೂ ಲೋ ಪ್ರೋಟೀನೇ ಅಲ್ವಾ?"

"ಹೌದಾ ತಾಯಿ? ಬೆಳಿಗ್ಗೆ ಏನು ತಿಂದ್ಕೊಂಡು ಬಂದೆ?"

"ಇಡ್ಲಿ."

"ಇಡ್ಲಿಗೆ ಏನು ನೆನೆಹಾಕ್ತಾರೆ ನಿಮ್ಮಮ್ಮ?"

"ಅಕ್ಕಿ..."

"ಅಕ್ಕಿ ಜೊತೆಗೆ?"

ಆಗ ಅವಳ ಮುಖ ಇಳಿಯುತ್ತದೆ. ನಾನು ಬೋರ್ಡಿನ ಮೇಲೆ ಬರೆಯುತ್ತಾ ಹೋಗುತ್ತೇನೆ: ಸಾರಿಗೆ ಬೇಳೆ, ಕೋಸಂಬರಿಗೆ ಬೇಳೆ, ಚಟ್ನಿಗೆ ಹುರಿಗಡಲೆ, ಪಲ್ಯಕ್ಕೆ ಒಗ್ಗರಣೆ, ಒಗ್ಗರಣೆಗೆ ಉದ್ದಿನಬೇಳೆ, ಕಡಲೆಬೇಳೆ. ನಮ್ಮ ಅಡುಗೆಮನೆ ಬೇಳೆಯ ಮೇಲೆ ನಿಂತಿದೆ ಕಣ್ರಮ್ಮಾ, ಎನ್ನುತ್ತೇನೆ. ಆಮೇಲೆ ಸಬ್ಬಕ್ಕಿ, ಆರಾರೂಟ್, ಮರಗೆಣಸು, ಸೋರೆಕಾಯಿ, ಸೀಮೆಬದನೆಕಾಯಿ ಹೊರಗೆ ಬರುತ್ತವೆ. ಆರಾರೂಟಿನ ರೊಟ್ಟಿ ತವಕ್ಕೆ ಅಂಟಿಕೊಂಡು ಮೇಲೇಳುವುದಿಲ್ಲ. ಮಾಡಿದ್ದನ್ನು ಹುಡುಗಿಯರು ಬಾಯಿಗಿಟ್ಟು ಮುಖ ಕಿವುಚುತ್ತಾರೆ. ಉಳಿದದ್ದನ್ನು ನಾನು ಡಬ್ಬಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತೇನೆ.

ಮನೆ ತ್ಯಾಗರಾಜನಗರದಲ್ಲಿ, ಮೊದಲನೇ ಮಹಡಿ. ಅಮ್ಮ ಹೋದ ಮೇಲೆ ನಾನೊಬ್ಬಳೇ. ಮದುವೆ ಆಗಲಿಲ್ಲ, ಅದರ ಕಥೆ ಇಲ್ಲಿ ಬೇಡ. ಊರಿಗೆಲ್ಲ ತಟ್ಟೆ ಹೇಗೆ ಜೋಡಿಸಬೇಕೆಂದು ಕಲಿಸುವವಳು, ಮನೆಯಲ್ಲಿ ಒಲೆಯ ಮುಂದೆ ನಿಂತುಕೊಂಡೇ, ಬಾಣಲೆಯಿಂದಲೇ ಚಮಚದಲ್ಲಿ ತಿನ್ನುತ್ತೇನೆ. ಒಂದು ಜೀವಕ್ಕೆ ತಟ್ಟೆ ಯಾಕೆ ಕೊಳೆ ಮಾಡಬೇಕು ಎಂದು ಶುರುವಾದದ್ದು, ಅಭ್ಯಾಸವಾಗಿಬಿಟ್ಟಿತು. ಕೂತು ಉಂಡರೆ ಎದುರಿನ ಖಾಲಿ ಕುರ್ಚಿ ಕಾಣುತ್ತದೆ. ನಿಂತು ಉಂಡರೆ ಗೋಡೆಯ ಕ್ಯಾಲೆಂಡರ್ ಮಾತ್ರ ಕಾಣುತ್ತದೆ. ಒಂಟಿತನ ನನಗೆ ಅಭ್ಯಾಸವಾಗಿದೆ ಎಂದು ಹೇಳಿಕೊಂಡು ತಿರುಗುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ಚಾಮರಾಜಪೇಟೆಯ ಒಂದು ಮಗು, ಆಗ ಆರು ವರ್ಷ, ಇದೇ ತೊಂದರೆ. ಅವಳ ಊಟದ ಪಟ್ಟಿ ಹಾಕಿಕೊಡುತ್ತಿದ್ದವಳು ನಾನು. ತಿಂಗಳುಗಳಿಂದ ರಕ್ತ ಪರೀಕ್ಷೆಯ ಅಂಕಿ ಏರುತ್ತಲೇ ಇತ್ತು. ಅವಳ ತಾಯಿ ಆಫೀಸಿಗೆ ಹೋಗುವವಳು, ಜಾಗ್ರತೆಯ ಹೆಂಗಸು, ಮಗು ತಿಂದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ತರುತ್ತಿದ್ದಳು. ಸೀಮೆಬದನೆಕಾಯಿ ಇಷ್ಟು, ಅನ್ನ ಇಷ್ಟು, ಎಣ್ಣೆ ಇಷ್ಟು. ಸಾಲು ಸಾಲು ಓದಿದೆ. ಒಂದು ತಪ್ಪಿಲ್ಲ. ಕೊನೆಗೆ, "ಮನೇಲಿ ಅಡುಗೆ ಮಾಡೋರು ಯಾರು?" ಎಂದು ಕೇಳಿದೆ. ಅತ್ತೆ ಎಂದಳು. "ಕರ್ಕೊಂಡು ಬನ್ನಿ. ನಮ್ಮ ಹುಡುಗೀರ ಮುಂದೆ ದಿನಾ ಮಾಡೋ ಹಾಗೇ ಮಾಡಿ ತೋರಿಸ್ಲಿ" ಎಂದೆ.

ಕಾಲೇಜಿಗೆ ಕರೆದಿದ್ದಾರೆಂದು ಮಗುವಿನ ಅಜ್ಜಿ ಒಳ್ಳೆಯ ಅಂಚಿನ ಸೀರೆ ಉಟ್ಟು ಬಂದರು. ಮೊಮ್ಮಗಳ ಕೈ ಹಿಡಿದಿದ್ದರು. "ನಿಮ್ಮಲ್ಲಿ ಇರತ್ತೋ ಇಲ್ವೋ ಅಂತ" ಎಂದು ತಮ್ಮ ಒಗ್ಗರಣೆ ಡಬ್ಬಿಯನ್ನೂ ಪಲ್ಯದ ಪುಡಿಯ ಸಣ್ಣ ಡಬ್ಬಿಯನ್ನೂ ಚೀಲದಲ್ಲಿ ತಂದಿದ್ದರು. ಹುಡುಗಿಯರು ಸುತ್ತ ನಿಂತರು. ಅಜ್ಜಿಗೆ ಖುಷಿಯೋ ಖುಷಿ. ಹೆಚ್ಚಿದ ಹೋಳನ್ನು ತೋರಿಸಿದರು, ಎಣ್ಣೆ ಕಾಯುವುದು ಹೇಗೆ ಗೊತ್ತಾಗುತ್ತದೆ ಎಂದು ಹೇಳಿದರು, ಸಾಸಿವೆ ಸಿಡಿಸಿದರು.

"ಮಗೂಗೆ ಬೇಳೆ ಅನ್ನೋದನ್ನೇ ಮುಟ್ಸಲ್ಲ ನೋಡ್ರಮ್ಮಾ ನಾನು. ಒಂದು ಕಾಳು ಕೂಡ" ಎನ್ನುತ್ತಿದ್ದರು. ಹಾಗೆ ಅನ್ನುತ್ತಿರುವಾಗಲೇ ಅವರ ಬೆರಳುಗಳು ಡಬ್ಬಿಗೆ ಇಳಿದು ಉದ್ದಿನಬೇಳೆ ಎತ್ತಿದವು, ಕಡಲೆಬೇಳೆ ಎತ್ತಿದವು, ಧಾರಾಳವಾಗಿ ಬಾಣಲೆಗೆ ಉದುರಿಸಿದವು. ಅವರ ಕಣ್ಣು ಹುಡುಗಿಯರ ಮೇಲಿತ್ತು.

"ಅದೇನದು ಕೈಯಲ್ಲಿ?" ಎಂದೆ.

"ಯಾವ್ದು? ಒಗ್ಗರಣೆ."

"ಒಗ್ಗರಣೆಗೆ ಏನು ಹಾಕಿದ್ರಿ? ಪುಡಿಯಲ್ಲಿ ಏನಿದೆ?"

ಬಾಣಲೆ ನೋಡಿದರು. ಪುಡಿಯ ಡಬ್ಬಿ ನೋಡಿದರು. ಅದರಲ್ಲೂ ಹುರಿದು ಪುಡಿ ಮಾಡಿದ ಬೇಳೆಯೇ.

"ಇದನ್ನ ಯಾಕೆ ಬುಕ್ಕಲ್ಲಿ ಬರ್ಸಿಲ್ಲ ನೀವು?"

"ಒಗ್ಗರಣೆನ ಯಾರು ಬರೀತಾರೆ ಮೇಡಂ?" ಎಂದರು ಅಜ್ಜಿ, ನಿಜವಾಗಿ ಅರ್ಥವಾಗದೆ.

ಹುಡುಗಿಯರು ಕಿಸಕ್ಕನೆ ನಕ್ಕರು. ಆ ನಗು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ತಿಂಗಳು ತಲೆ ಕೆಡಿಸಿಕೊಂಡಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. "ಮಗುವಿನ ಮಿದುಳಿಗೆ ವಿಷ ಹಾಕ್ತಿರೋದು ನೀವೇ! ಬೇರೆ ಯಾರೂ ಅಲ್ಲ, ನಿಮ್ಮ ಕೈಯೇ!" ಎಂದೆ. ಬಾಣಲೆ ಎತ್ತಿ ಕಸದ ಬುಟ್ಟಿಗೆ ಸುರಿದೆ. ಮೊಮ್ಮಗಳು ಅಜ್ಜಿಯನ್ನೇ ನೋಡುತ್ತಿದ್ದಳು. ಅಜ್ಜಿ ಕೈ ತೊಳೆದು ಸೆರಗಿಗೆ ಒರೆಸಿಕೊಂಡು, ಡಬ್ಬಿಯ ಮುಚ್ಚಳ ಹಾಕಿ, ಚೀಲಕ್ಕಿಟ್ಟುಕೊಂಡರು.

ಮೂರು ತಿಂಗಳಲ್ಲಿ ಅಂಕಿ ಇಳಿಯಿತು. ನಾನು ಹೇಳಿದ್ದು ಸರಿಯೇ ಇತ್ತಲ್ಲ, ಅದೇ ನನಗೆ ಮುಳುವಾಯಿತು. ಆಮೇಲೊಮ್ಮೆ ಪಟ್ಟಿ ಬದಲಿಸಲು ಬಂದಾಗ ಮಗು ಹೇಳಿತು: "ಅಜ್ಜಿ ಈಗ ಅಡುಗೆಮನೆ ಒಳಗೇ ಬರಲ್ಲ ಆಂಟಿ. ಹಣ್ಣು ಕೊಡಿ ಅಂದ್ರೂ ನಿಮ್ಮಮ್ಮನ್ನ ಕೇಳು ಅಂತಾರೆ." ನಾನು ಹೂಂ ಎಂದು ಅವಳ ತೂಕ ಬರೆದುಕೊಂಡೆ. ಅಷ್ಟೇ ಅಲ್ಲ, ಆ ಕಥೆಯನ್ನು ಕ್ಲಾಸಿನಲ್ಲಿ ಮತ್ತೆ ಮತ್ತೆ ಹೇಳತೊಡಗಿದೆ. ಅಜ್ಜಿಯ ಕೈ ಡಬ್ಬಿಗೆ ಹೋಗುವುದನ್ನು ಅಭಿನಯಿಸಿ, ಧ್ವನಿ ಬದಲಿಸಿ, "ಒಗ್ಗರಣೆನ ಯಾರು ಬರೀತಾರೆ ಮೇಡಂ?" ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೂವತ್ತು ಜನ ನಕ್ಕಾಗ ನನಗೂ ಹಿತವಾಗುತ್ತಿತ್ತು, ಮನೆಯಲ್ಲಿ ನಗುವವರು ಯಾರಿದ್ದರು?

ಈ ವರ್ಷ ಒಂದು ಬುಧವಾರ ಮಗುವಿನ ತಾಯಿ ಫೋನ್ ಮಾಡಿದಳು. "ಮೇಡಂ, ಶನಿವಾರ ನನಗೆ ಆಫೀಸಿದೆ, ಇವರಪ್ಪ ಊರಲ್ಲಿಲ್ಲ. ಮಗೂಗೆ ರಜ. ಅತ್ತೆ ಇದಾರೆ, ಆದ್ರೆ ಮಾಡಿಟ್ಟಿದ್ದನ್ನ ತಟ್ಟೆಗೆ ಹಾಕೋಕೂ ಹೆದರ್ತಾರೆ. ನಿಮಗೆ ತೊಂದ್ರೆ ಇಲ್ಲ ಅಂದ್ರೆ ಒಂದು ಮಧ್ಯಾಹ್ನ ನಿಮ್ಮ ಹತ್ರ ಬಿಡ್ಲಾ?"

ತೊಂದರೆಯಂತೆ ತೊಂದರೆ! ಗುರುವಾರದಿಂದಲೇ ಮನೆ ಗುಡಿಸಿದೆ. ಖಾಲಿ ಕುರ್ಚಿಯ ಮೇಲೆ ಪೇರಿಸಿದ್ದ ಉತ್ತರ ಪತ್ರಿಕೆಗಳನ್ನು ಮಂಚದ ಕೆಳಗೆ ತಳ್ಳಿದೆ. ಗಾಂಧಿ ಬಜಾರಿಗೆ ಹೋಗಿ ಎರಡು ಬಾಳೆ ಎಲೆ ತಂದೆ. ಎರಡು ಎಲೆ ಕೊಂಡು ಎಷ್ಟು ವರ್ಷವಾಗಿತ್ತೋ. ಇಬ್ಬರಿಗೂ ಒಂದೇ ಅಡುಗೆ ಎಂದು ತೀರ್ಮಾನಿಸಿದೆ: ಬೇಳೆಯಿಲ್ಲದ ಟೊಮೇಟೊ ಸಾರು, ಸೀಮೆಬದನೆಕಾಯಿ ಪಲ್ಯ, ಸಬ್ಬಕ್ಕಿ ಹಪ್ಪಳ, ನೀರಿನಲ್ಲೇ ಬೇಯಿಸಿ ಬೆಲ್ಲ ಹಾಕಿದ ಸಬ್ಬಕ್ಕಿ ಪಾಯಸ. ಅವಳ ಅನ್ನ ತೂಗಿ ಬೇರೆ ಇಟ್ಟೆ.

ಮಗು ಬಂತು. ಈಗ ಎಂಟು ವರ್ಷ, ಮುಂದಿನ ಹಲ್ಲು ಬಂದಿವೆ. ಅಡುಗೆಮನೆ ಕಟ್ಟೆಯ ಮೇಲೆ ಹತ್ತಿ ಕೂತು ಕಾಲು ಆಡಿಸುತ್ತಾ, ಕ್ಲಾಸಿನ ಹುಡುಗನೊಬ್ಬ ಮಿಸ್ಸಿನ ಕನ್ನಡಕ ಹಾಕಿಕೊಂಡು ಸಿಕ್ಕಿಬಿದ್ದ ಕಥೆ ಹೇಳಿದಳು. ನಾನು ಒಗ್ಗರಣೆ ಹಾಕುತ್ತಾ ನಕ್ಕೆ. ಆ ಮನೆಯಲ್ಲಿ ನನ್ನ ನಗು ನನಗೇ ಹೊಸದಾಗಿ ಕೇಳಿಸಿತು.

ಎಲೆ ಹಾಕಿ ಬಡಿಸಿದೆ. ಅವಳು ಕೂಡಲೇ ತಿನ್ನಲಿಲ್ಲ. ಬಗ್ಗಿ, ಬೆರಳ ತುದಿಯಿಂದ ಪಲ್ಯವನ್ನು ಹರಡಿ ನೋಡಿದಳು. ಎರಡು ವರ್ಷದಿಂದ ಅವಳು ಯಾವ ಊಟವನ್ನೂ ಹಾಗೆ ಹುಡುಕದೆ ಬಾಯಿಗಿಡುವುದಿಲ್ಲವೆಂದು ನನಗೆ ಆಮೇಲೆ ತಿಳಿಯಿತು.

"ಆಂಟಿ, ಇಲ್ಲಿ ನೋಡಿ. ಉದ್ದಿನಬೇಳೆ."

"ಎಲ್ಲಿ? ಸಾಧ್ಯಾನೇ ಇಲ್ಲ" ಎಂದೆ.

ಇತ್ತು. ಕೆಂಪಗೆ ಹುರಿದು, ಹೋಳುಗಳ ನಡುವೆ. ಅಯ್ಯೋ ಶಿವನೇ, ನನ್ನದೇ ಡಬ್ಬಿ, ನನ್ನದೇ ಕೈ. ಹಾಕಿದ ನೆನಪೇ ಇಲ್ಲ. ಮಗು ಗಾಬರಿಯಾಗಲಿಲ್ಲ. ಒಂದೊಂದನ್ನೇ ಎತ್ತಿ ಎಲೆಯ ಅಂಚಿನಲ್ಲಿ ಸಾಲಾಗಿ ಇಟ್ಟಳು. "ಹನ್ನೊಂದು" ಎಂದಳು. ಆಮೇಲೆ ಮುಖವೆತ್ತಿ ಕೇಳಿದಳು:

"ಅಜ್ಜಿಗೆ ಹೇಳ್ಲಾ?"

ಅಣಕವಿರಲಿಲ್ಲ, ಆಸೆಯಿತ್ತು. ಅಜ್ಜಿಗೆ ಒಯ್ದುಕೊಡಲು ಒಂದು ಒಳ್ಳೆಯ ಸುದ್ದಿ ಸಿಕ್ಕಿದ ಹಾಗೆ ಮುಖ ಅರಳಿತ್ತು. "ಬೇಡ ಪುಟ್ಟಾ" ಎನ್ನಲು ನನ್ನ ಬಾಯಿ ಆಗಲೇ ತೆರೆದಿತ್ತು. ಇದನ್ನು ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಅವಳ ಪಲ್ಯ ತೆಗೆದು, ಸಾರು ಅನ್ನ ಪಾಯಸ ಉಣ್ಣಿಸಿದೆ. ನನ್ನ ಎಲೆ ಹಾಗೇ ಬಿಟ್ಟೆ. "ನಾನೇ ಹೇಳ್ತೀನಿ, ನಡಿ" ಎಂದು ಆಟೋ ಹಿಡಿದೆ.

ಚಾಮರಾಜಪೇಟೆಯ ಅವರ ಮನೆಯಲ್ಲಿ ಅಜ್ಜಿ ನಡುಮನೆಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ಹೇಳಿದೆ.

"ಅಮ್ಮಾ, ಇವತ್ತು ನಾನೇ ಒಗ್ಗರಣೆಗೆ ಉದ್ದಿನಬೇಳೆ ಹಾಕ್ಬಿಟ್ಟೆ."

ಅಜ್ಜಿಯ ಕೈಯಿಂದ ದಾರ ಜಾರಿತು. "ಮಗು ತಿಂತಾ?"

"ಇಲ್ಲ. ಅವಳೇ ನೋಡಿ ಹೇಳಿದ್ಲು."

"ಸದ್ಯ" ಎಂದು ಕಣ್ಣು ಮುಚ್ಚಿದರು. ಮಗು ಓಡಿಹೋಗಿ ಅವರ ಪಕ್ಕ ಕೂತು, "ಹನ್ನೊಂದಿತ್ತು ಅಜ್ಜಿ!" ಎಂದಿತು.

"ಅವತ್ತು ನಾನು ಅನ್ನಬಾರದ ಮಾತು ಅಂದೆ. ಹೊಟ್ಟೆಗೆ ಹಾಕ್ಕೊಳ್ಳಿ" ಎಂದೆ.

ಅಜ್ಜಿ ದಾರ ಎತ್ತಿಕೊಂಡರು. ಎರಡು ಹೂ ಕಟ್ಟಿದ ಮೇಲೆ, ಸಿಟ್ಟಿಲ್ಲದ ಧ್ವನಿಯಲ್ಲಿ ಹೇಳಿದರು. "ನಿಮ್ದನ್ನ ನೀವಿಬ್ರೇ ನೋಡಿದ್ರಿ ಮೇಡಂ. ನಂದನ್ನ ಮೂವತ್ತು ಹುಡುಗೀರು ನೋಡಿದ್ರು. ಇವಳೂ ನೋಡಿದ್ಲು. ಬಂದಿದ್ದೀರ, ಕಾಫಿ ಕೊಡೋಣ ಅಂದ್ರೆ ಸೊಸೆ ಇಲ್ಲ."

ಅಡುಗೆಮನೆ ಹತ್ತು ಹೆಜ್ಜೆ ದೂರದಲ್ಲಿತ್ತು. ಅವರ ಮನೆ, ಅವರ ಒಲೆ. ಕಾಫಿಗೂ ಅವರು ಅಲ್ಲಿಗೆ ಹೋಗುತ್ತಿರಲಿಲ್ಲ. ಆ ಹೆಂಗಸಿನ ಕೈಯನ್ನು ನಾನು ಎರಡು ವರ್ಷ ಕಟ್ಟಿಹಾಕಿದ್ದೆ, ಮೇಲಿಂದ ಆ ಕೈಯನ್ನೇ ಆಡಿಕೊಂಡು ನಕ್ಕಿದ್ದೆ. "ಹಾಗಾದ್ರೆ ಕ್ಲಾಸಲ್ಲೇ ಹೇಳ್ತೀನಿ. ಬುಧವಾರ ಬಂದು ಕೂತು ಕೇಳಿ" ಎಂದೆ. "ನೋಡೋಣ" ಎಂದರು.

ಬುಧವಾರ ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿಸಿದೆ. ಸೀಮೆಬದನೆಕಾಯಿ ಪಲ್ಯ ಮಾಡುತ್ತಾ, ಮೊದಲು ಅಜ್ಜಿಯನ್ನು ನಾನು ಅಂದದ್ದು, ಆಮೇಲೆ ನನ್ನ ಮನೆಯಲ್ಲಿ ನಡೆದದ್ದು ಎಲ್ಲ ಹೇಳಿದೆ. ನನ್ನದೇ ಕೈಯನ್ನು ಡಬ್ಬಿಗೆ ಇಳಿಸಿ ತೋರಿಸಿದೆ. ಯಾರೂ ನಗಲಿಲ್ಲ. ಒಬ್ಬಳು ತಲೆ ತಗ್ಗಿಸಿದಳು. ಇನ್ನೊಬ್ಬಳು, "ಇನ್ಮೇಲೆ ಊಟ ಬರೆಯೋ ಬುಕ್ಕಲ್ಲಿ ಒಗ್ಗರಣೆಗೇ ಒಂದು ಕಾಲಂ ಹಾಕೋಣ ಮ್ಯಾಮ್" ಎಂದಳು. ಹಾಕಿದೆವು. ನಾಲ್ಕು ಸಲ ಬಾಗಿಲ ಕಡೆ ನೋಡಿದೆ. ಕುರ್ಚಿ ಖಾಲಿಯೇ ಇತ್ತು.

ಸಂಜೆ ಫೋನ್ ಮಾಡಿದೆ. "ಹೇಳ್ದೆ ಅಮ್ಮಾ, ಮೂವತ್ತು ಜನರ ಮುಂದೆ."

ಅಜ್ಜಿ ಕೇಳಿದ್ದು ಒಂದೇ: "ನಕ್ರಾ?"

"ಇಲ್ಲ."

"ನನ್ನ ನೋಡಿ ನಕ್ಕಿದ್ರು" ಎಂದು ಫೋನ್ ಇಟ್ಟರು.

ನಾಲ್ಕು ದಿನ ಕಳೆಯಿತು. ಭಾನುವಾರ ಬೆಳಿಗ್ಗೆ ತಾಯಿಯೂ ಮಗುವೂ ನನ್ನ ಬಾಗಿಲಿಗೆ ಬಂದರು. ಮಗುವಿನ ಕೈಯಲ್ಲಿ ಸ್ಟೀಲ್ ಡಬ್ಬಿ, ಇನ್ನೂ ಬಿಸಿ. ತಾಯಿಯ ಕಣ್ಣು ತುಂಬಿತ್ತು. "ಅತ್ತೆ ಇವತ್ತು ಬೆಳಿಗ್ಗೆ ಎದ್ದು ಒಲೆ ಹಚ್ಚಿದ್ರು ಮೇಡಂ. ನಾನೇನೂ ಕೇಳ್ಲಿಲ್ಲ. ಹಳೇ ಡಬ್ಬಿ ಖಾಲಿ ಮಾಡಿ ಬರೀ ಸಾಸಿವೆ, ಮೆಣಸಿನಕಾಯಿ ಇಟ್ಕೊಂಡಿದಾರೆ. ಇವಳನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡೇ ಒಗ್ಗರಣೆ ಹಾಕಿದ್ರು. ಇವಳು ಅವರ ಕೈಯಲ್ಲೇ ಊಟ ಮಾಡಿದ್ಲು."

ಮಗು ಡಬ್ಬಿಯನ್ನು ನನ್ನ ಕೈಗಿಟ್ಟಿತು. "ಹುಡುಕಿ ನೋಡ್ಲಿ ಅಂದ್ರು ಅಜ್ಜಿ."

ಒಳಗೆ ಬನ್ನಿ ಎಂದೆ. ಅಜ್ಜಿ ಕಾಯುತ್ತಿರುತ್ತಾರೆ ಎಂದು ಮಗು ಆಗಲೇ ಮೆಟ್ಟಿಲಿಳಿಯುತ್ತಿತ್ತು.

ಡಬ್ಬಿ ತೆರೆದೆ. ಸೀಮೆಬದನೆಕಾಯಿ ಪಲ್ಯ. ನಾನು ಹುಡುಕಲಿಲ್ಲ. ತಟ್ಟೆ ತೆಗೆದು, ತೊಳೆದು, ಬಡಿಸಿಕೊಂಡು, ಕುರ್ಚಿ ಎಳೆದು ಕೂತು ಉಂಡೆ. ಉಪ್ಪು ಒಂದಿಷ್ಟು ಕಡಿಮೆಯಿತ್ತು. ಹೇಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ.