ಮರದ ಅಂಗಿಯ ಕಾಲರು

ಬಟ್ಟೆ ಕೊಳ್ಳಲು ಹೋಗುವಾಗ ಕಿಸೆಯಲ್ಲಿ ಒಂದು ಬೆಂಕಿಪೆಟ್ಟಿಗೆ ಇರಲಿ. ಇದು ನಾನು ಎಲ್ಲರಿಗೂ ಪುಕ್ಕಟೆ ಕೊಡುವ ಸಲಹೆ. ಪುಕ್ಕಟೆಯಾದ್ದರಿಂದಲೇ ಯಾರೂ ಪಾಲಿಸುವುದಿಲ್ಲ. ಬಟ್ಟೆಯ ಅಂಚಿನಿಂದ ಒಂದು ನೂಲು ಎಳೆದು ಸುಡಬೇಕು. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕರಗಿ ಮಣಿಯಾದರೆ ಪಾಲಿಯೆಸ್ಟರ್. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಇಲ್ಲವೇ, ದೇವರು ಕಾಪಾಡಲಿ, ಮರ.

ಮೊನ್ನೆ ಮೂಡುಬಿದಿರೆಯ ಹೊಸ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸ್ ಹುಡುಗಿ ನನ್ನ ಮುಂದೆ ಒಂದು ಅಂಗಿ ಹರಡಿದಳು. “ಇದು ಮರದ ನಾರಿನದ್ದು ಸರ್. ಪರಿಸರಕ್ಕೆ ತುಂಬಾ ಒಳ್ಳೆಯದು.” ನಾನು ಅಭ್ಯಾಸಬಲದಿಂದ ನೂಲು ಎಳೆದು ಕಡ್ಡಿ ಗೀರಿಯೇಬಿಟ್ಟೆ. “ಅಯ್ಯೋ ಸರ್, ಇಲ್ಲಿ ಬೆಂಕಿ ಹಚ್ಚಬಾರದು!” ಎಂದು ಅವಳು ಓಡಿ ಬರುವಷ್ಟರಲ್ಲಿ ಕಾಗದದ ವಾಸನೆ ಮೂಗಿಗೆ ಬಂದಾಗಿತ್ತು. ಅದರ ಹಿಂದೆಯೇ, ಇಷ್ಟು ವರ್ಷಗಳ ಮೇಲೆ, ಹುಳಿ ಮೊಸರಿನ ವಾಸನೆಯೂ ಬಂತು. ಆ ಮೊಸರು ಅಂಗಡಿಯಲ್ಲಿರಲಿಲ್ಲ, ನನ್ನ ತಲೆಯೊಳಗೆ ಇತ್ತು. ಒಂದು ಕಾಲದಲ್ಲಿ ತಲೆಯ ಮೇಲೂ ಇತ್ತು.

ತೊಂಬತ್ತರ ದಶಕದ ಮಾತು. ಬಂಟ್ವಾಳದಲ್ಲಿ ರವಿಕೆ ಕಣಗಳ ಗಂಟು ಹೊತ್ತು ಮನೆಮನೆ ತಿರುಗಿದವನು ನಾನು. ಹಾಗೆ ತಿರುಗಿಯೇ ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ ಸಣ್ಣದೊಂದು ಅಂಗಡಿ ಹಾಕಿದ್ದೆ. ಅಂಗಡಿ ಎಷ್ಟು ಸಣ್ಣದೆಂದರೆ ಗಿರಾಕಿ ಒಳಗೆ ಬಂದರೆ ನಾನು ಹೊರಗೆ ನಿಂತು ಚೌಕಾಸಿ ಮಾಡಬೇಕು. ಚೌಕಾಸಿಯ ವಿಷಯ ಬಂತಲ್ಲ, ಇದನ್ನೂ ಕೇಳಿಡಿ: ಮೊದಲ ಬೆಲೆಗೆ ನಗಬೇಕು, ಎರಡನೆಯದಕ್ಕೆ ಏಳಬೇಕು, ಆದರೆ ಬಾಗಿಲಿನವರೆಗೆ ಮದುಮಗಳ ಹಾಗೆ ನಿಧಾನವಾಗಿ ನಡೆಯಬೇಕು. ಬೇಗ ನಡೆದವನನ್ನು ಯಾರೂ ವಾಪಸು ಕರೆಯುವುದಿಲ್ಲ.

ಈ ವಿದ್ಯೆಯೆಲ್ಲ ತೋಡಾರಿನ ಕಾಂತಪ್ಪಣ್ಣನ ಎದುರು ನಡೆಯುತ್ತಿರಲಿಲ್ಲ. ಕಾಂತಪ್ಪಣ್ಣನದು ಮರದ ಮಿಲ್ಲು. ಅವರ ಮಗಳು ವನಜಳನ್ನು ನಾನು ಮದುವೆಯಾಗಬೇಕೆಂದಿದ್ದೆ. ವನಜಳಿಗೂ ಅಡ್ಡಿಯಿರಲಿಲ್ಲ ಎಂದು ನನ್ನ ನಂಬಿಕೆ; ಅವಳು ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದಳು. ಏಕೆ ನಗುತ್ತಿದ್ದಳೆಂದು ವಿಚಾರಿಸುವಷ್ಟು ದಡ್ಡ ನಾನಲ್ಲ. ಅಡ್ಡಿ ಇದ್ದದ್ದು ಅಪ್ಪನಿಗೆ. “ಗೇಣು ಅಂಗಡಿಯವನಿಗೆ ಹೆಣ್ಣು ಕೊಟ್ಟರೆ ಅವಳನ್ನು ಎಲ್ಲಿ ನಿಲ್ಲಿಸುವುದು ಮಾರಾಯ, ಶೋಕೇಸಿನಲ್ಲಿಯಾ?” ಎಂದು ಊರಿಡೀ ಕೇಳಿದ್ದರಂತೆ.

ಆಗ ದುಬೈಯಿಂದ ರಜೆಗೆ ಬಂದವರು ವಿಟ್ಲದ ಹಮೀದಾಕ. ನನ್ನ ಹಳೆಯ ಗಂಟಿನ ದಿನಗಳ ಜೊತೆಗಾರ. ಗಿಳಿಹಸಿರು ಬಣ್ಣದ ಒಂದು ಥಾನು ಬಟ್ಟೆ ತಂದು ನನ್ನ ಮೇಜಿನ ಮೇಲೆ ಧೊಪ್ಪನೆ ಹಾಕಿದರು. ಮುಟ್ಟಿದರೆ ತಣ್ಣಗೆ, ಹಿಡಿದರೆ ನೀರಿನ ಹಾಗೆ ಜಾರುತ್ತದೆ.

“ಇದು ಎಂತ ಹೇಳು ನೋಡುವ?”

ನೂಲು ಸುಟ್ಟು ಮೂಸಿ, “ಹತ್ತಿ” ಎಂದೆ.

“ನಿನ್ನ ಮೂಗು! ಮರ ಇದು, ಮರ. ಮರವನ್ನು ಅರೆದು ಗಂಜಿ ಮಾಡ್ತಾರೆ. ಮತ್ತೆ ನಾವು ಸೇಮಿಗೆ ಒತ್ತುತ್ತೇವಲ್ಲ, ಹಾಗೆ ತೂತುಗಳಿಂದ ಒತ್ತಿ ನೂಲು ತೆಗೀತಾರೆ.”

ಈಗಿನ ಹಾಗೆ ಪರಿಸರದ ಹೆಸರಿನಲ್ಲಿ ಬಟ್ಟೆ ಮಾರುವ ಕಾಲವಲ್ಲ ಅದು; ದುಬೈ ಎಂದರೆ ಸಾಕಿತ್ತು. ಆದರೆ ನನಗೆ ಹೊಳೆದದ್ದು ದುಬೈಯಲ್ಲ, ತೋಡಾರು. ಮರದ ವ್ಯಾಪಾರಿಯನ್ನು ಮರದಿಂದಲ್ಲದೆ ಇನ್ನು ಯಾವುದರಿಂದ ಗೆಲ್ಲುವುದು?

ಕಾಂತಪ್ಪಣ್ಣನ ಮಗ ಸುಧಾಕರ ಮೂಡುಬಿದಿರೆಯಲ್ಲಿ ಮೊಸರುಕುಡಿಕೆಯ ತಂಡ ಕಟ್ಟಿದ್ದ. ಅಷ್ಟಮಿಯ ಮರುದಿನ ಪೇಟೆಯಲ್ಲಿ ಎತ್ತರಕ್ಕೆ ತೂಗಿದ ಮಡಿಕೆಯನ್ನು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಒಡೆಯಬೇಕು. ತಂಡದ ಎಲ್ಲರಿಗೂ ಮರದ ಬಟ್ಟೆಯ ಅಂಗಿ ನನ್ನ ಕಡೆಯಿಂದ ಎಂದೆ. ಕಾಂತಪ್ಪಣ್ಣ ಬಟ್ಟೆಯನ್ನು ಹಲಗೆಯಂತೆ ಉಗುರಿನಿಂದ ಕುಟ್ಟಿ ನೋಡಿದರು.

“ಮರ ನನಗೆ ಗೊತ್ತುಂಟು. ಇದು ಯಾವ ಜಾತಿ? ಹಲಸಾ, ಸಾಗುವಾನಿಯಾ?”

“ಫಾರಿನ್ ಮರ ಕಾಂತಪ್ಪಣ್ಣ.”

“ಆಯ್ತು. ಮಡಿಕೆ ಒಡೆಯುವವರೆಗೆ ನಿನ್ನ ಅಂಗಿ ಬಾಳಿದರೆ ವನಜನ ವಿಷಯ ಮಾತಾಡುವ. ಇಲ್ಲದಿದ್ದರೆ ಮತ್ತೆ ನನ್ನ ಮಿಲ್ಲಿನ ಹತ್ತಿರ ಬರಬೇಡ.”

“ಅಂಗಿ ಕೊಟ್ಟವನೇ ಅಡಿಯಲ್ಲಿ ನಿಲ್ಲಲಿ,” ಎಂದು ಸುಧಾಕರ ಸೇರಿಸಿದ. ನನ್ನ ಗಾತ್ರವನ್ನು ಅವನು ಬಹಳ ದಿನಗಳಿಂದ ಗಮನಿಸಿದ್ದನಂತೆ.

ಎಲ್ಲ ಬಟ್ಟೆಯನ್ನೂ ಸುಟ್ಟು ನೋಡುವವನಿಗೆ ಒದ್ದೆ ಮಾಡಿ ನೋಡಬೇಕೆಂದು ಹೊಳೆದಿರಲಿಲ್ಲ. ಮೊಸರುಕುಡಿಕೆಯಲ್ಲಿ ಮಹಡಿಗಳಿಂದ ಜನ ಕೊಡಗಟ್ಟಲೆ ನೀರು ಸುರಿಯುತ್ತಾರೆ. ಆ ಕಾಲದ ಮರದ ಬಟ್ಟೆಯೋ, ಒಣಗಿದ್ದಾಗ ರಾಜ, ಒದ್ದೆಯಾದರೆ ಹಪ್ಪಳ.

ನಾವು ಅಡಿಯವರು ತೋಳು ಹೆಣೆದು ನಿಂತೆವು. ಎರಡನೆಯ ಸಾಲು ನಮ್ಮ ಹೆಗಲೇರಿತು. ಅಷ್ಟರಲ್ಲಿ ಎದುರಿನ ಮಹಡಿಯಿಂದ ಪೂರಾ ಒಂದು ಕೊಡ ನೀರು ನೇರ ನನ್ನ ತಲೆಗೇ ಬಿತ್ತು. ಕಣ್ಣೊರೆಸಿ ನೋಡಿದರೆ ಖಾಲಿ ಕೊಡ ಹಿಡಿದು ವನಜ ನಗುತ್ತಿದ್ದಾಳೆ! ನಾನೂ ನಕ್ಕೆ. ನಗುತ್ತಿದ್ದಂತೆ ನನ್ನ ಅಂಗಿಯ ತೋಳು ಬೆಳೆಯತೊಡಗಿತು. ಬೆರಳು ಮುಚ್ಚಿತು. ಅಂಚು ಮೊಣಕಾಲು ದಾಟಿತು. ಸುಧಾಕರ ನನ್ನ ಬೆನ್ನ ಬಟ್ಟೆ ಹಿಡಿದು ಹತ್ತಲು ನೋಡಿದ. ಅವನ ಕೈಗೆ ಬೆನ್ನಿನ ಬಟ್ಟೆಯೇ ಬಂತು. ಹೆಗಲಿಗೆ ಕಾಲಿಟ್ಟ, ಹೆಗಲಿನದೂ ಹೋಯಿತು. ಸುತ್ತಲೂ ಪರ್ ಪರ್ ಸದ್ದು. ಗಿಳಿಹಸಿರು ಚೂರುಗಳು ಚರಂಡಿಯಲ್ಲಿ ತೇಲಿದವು. ಓಡಿಹೋಗಬೇಕೆನಿಸಿತು. ಆದರೆ ನಾನು ಓಡಿದರೆ ಮೇಲಿದ್ದವರೆಲ್ಲ ನೆಲಕ್ಕೆ. ಭಾವನಾಗಬೇಕಾದವನ ಸೊಂಟ ಮುರಿದ ಮೇಲೆ ಯಾವ ಚೌಕಾಸಿ? ಕೊನೆಗೆ ಅವನು ನನ್ನ ಕಾಲರನ್ನೇ ಹಿಡಿದ. ಅದಕ್ಕೆ ದರ್ಜಿ ಒಳಗೆ ದಪ್ಪ ಕ್ಯಾನ್ವಾಸು ಕೊಟ್ಟಿದ್ದ. ಕಾಲರು ತಡೆಯಿತು, ಕುತ್ತಿಗೆ ಹೇಗೋ ತಡೆಯಿತು, ಸುಧಾಕರ ಮೇಲೇರಿದ, ಮಡಿಕೆ ಒಡೆಯಿತು, ಮೊಸರೆಲ್ಲ ನನ್ನ ಮೇಲೆ.

ಗೆದ್ದ ತಂಡ ಕೆಳಗಿಳಿದಾಗ ಎಲ್ಲರ ಕೊರಳಲ್ಲೂ, ಕೋಣಗಳಿಗೆ ಹಗ್ಗ ಕಟ್ಟಿದಂತೆ, ಬರೇ ಕಾಲರು. ಕಾಂತಪ್ಪಣ್ಣ ಜನರನ್ನು ಸರಿಸಿಕೊಂಡು ಬಂದರು.

“ಎಲ್ಲಿ ಮಾರಾಯ ನಿನ್ನ ಅಂಗಿ?”

ಮೊಸರು ತೊಟ್ಟಿಕ್ಕುತ್ತಿತ್ತು. ಆದರೂ ವ್ಯಾಪಾರಿ ವ್ಯಾಪಾರಿಯೇ. “ಮಡಿಕೆ ಒಡೆಯುವವರೆಗೆ ಬಾಳಬೇಕು ಅಂದಿರಿ. ಮಡಿಕೆ ಒಡೆದಿದೆ. ಇದಿಲ್ವಾ, ಕಾಲರು? ಕಾಲರೂ ಅಂಗಿಯದೇ ಅಲ್ವಾ? ಪೂರ್ತಿ ಅಂಗಿ ಬಾಳಬೇಕು ಅಂತ ನೀವು ಹೇಳ್ಲಿಲ್ಲ.”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ, ಲೆಕ್ಕಕ್ಕೆ ಬಾರದ ದಿಮ್ಮಿ ನೋಡುವಂತೆ ನೋಡಿದರು. ಮೇಲೆ ಮಹಡಿಯಲ್ಲಿ ವನಜಳ ನಗು ನಿಂತಿತ್ತು. ಅದು ನಿಂತದ್ದಕ್ಕೇ ನನಗೆ ಭಯವಾದದ್ದು.

“ಅರ್ಧ ಗಂಟೆ ನನ್ನ ಮಗನನ್ನು ಹೊತ್ತು ಅಲ್ಲಾಡ್ಲಿಲ್ಲ ನೀನು,” ಎಂದರು ಕಾಂತಪ್ಪಣ್ಣ. “ಬಾಯಿಯೂ ಅಷ್ಟೇ ಗಟ್ಟಿ. ನಾಳೆ ಮನೆಗೆ ಬಾ. ಆದರೆ ಅಂಗಿ ಹಾಕಿಕೊಂಡು ಬಾ, ಆಯ್ತಾ? ಹತ್ತಿಯದ್ದು.”

ನೂಲು ಸುಟ್ಟು ಇದನ್ನೆಲ್ಲ ನೆನೆಯುತ್ತ ನಾನು ನಿಂತಿದ್ದರೆ, ಸೇಲ್ಸ್ ಹುಡುಗಿ ಮ್ಯಾನೇಜರನ್ನು ಕರೆಯಲೋ ಬೇಡವೋ ಎಂದು ನೋಡುತ್ತಿದ್ದಳು. ಸೀರೆಯ ವಿಭಾಗದಿಂದ ವನಜ ಬಂದಳು. ಅಂಗಿ ನೋಡಿದಳು, ಮೂಸಿದಳು, ನನ್ನ ಮುಖ ನೋಡಿದಳು.

“ಪುನಃ ಮರದ್ದಾ?”

“ಇದು ಬೇರೆ ಮೇಡಂ, ಹೊಸ ವಿಧಾನದ್ದು, ಒದ್ದೆಯಾದರೂ...” ಹುಡುಗಿ ಮುಗಿಸಲಿಲ್ಲ. ವನಜ ಚೀಲದಿಂದ ನೀರಿನ ಬಾಟ್ಲಿ ತೆಗೆದು ತೋಳಿನ ಮೇಲೆ ಗಳಗಳ ಸುರಿದು, ಎರಡೂ ಕೈಯಿಂದ ಹಿಡಿದು, ಬಾವಿಯಿಂದ ನೀರು ಸೇದುವಂತೆ ಎಳೆದಳು. ಹುಡುಗಿ ಕಣ್ಣು ಮುಚ್ಚಿಕೊಂಡಳು. ನಾನೂ ಮುಚ್ಚಿಕೊಂಡೆ.

ಹರಿಯಲಿಲ್ಲ.

ಒದ್ದೆ ಮಾಡಿದ ಅಂಗಿಯನ್ನು ಹೇಗೆ ಬಿಟ್ಟು ಬರುವುದು? ನಗಲಿಲ್ಲ, ಏಳಲಿಲ್ಲ, ಬಾಗಿಲಿನ ಕಡೆ ನಡೆಯಲಿಲ್ಲ. ಚೀಟಿಯಲ್ಲಿ ಬರೆದಷ್ಟೇ ಕೊಟ್ಟೆ, ಜೀವಮಾನದಲ್ಲಿ ಮೊದಲ ಸಲ. ಬಿಲ್ಲು ಹಾಕುವವನು ಕೈ ಮುಗಿದ.

ಹೊರಗೆ ಬರುವಾಗ ಕೇಳಿದೆ, “ತೋಳು ಎಳೆದೆ ಸರಿ, ಕಾಲರು ಯಾಕೆ ನೋಡ್ಲಿಲ್ಲ?”

“ಅದೆಂತಕ್ಕೆ?” ಎಂದಳು ವನಜ. “ಕಾಲರು ಹೇಗೂ ಉಳೀತದಲ್ಲ.”