ಥೆಕ್ಲಾ ಪಕ್ಷ ಬದಲಿಸಿದ ಚಳಿಗಾಲ

ಪಾನೊ ಕ್ರಿಥಾರಿಯಲ್ಲಿ ಥೆಕ್ಲಾಳ ಹೆಸರೆತ್ತಿದರೆ ಈಗಲೂ ಕೆಲವರು ಮೂಗು ಮುರಿಯುತ್ತಾರೆ. ಐವತ್ತು ವರ್ಷ ಕೆಂಪು ಕಾಫಿಯಂಗಡಿ ನಡೆಸಿದವಳು, ಗಣಿಯವರ ಮುಷ್ಕರಕ್ಕೆ ಹಂಡೆಗಟ್ಟಲೆ ಅಲಸಂದೆ ಬೇಯಿಸಿ ತಲೆಮೇಲೆ ಹೊತ್ತವಳು, ಅಧ್ಯಕ್ಷರ ಚುನಾವಣೆಗೆ ಇನ್ನು ಹದಿನೆಂಟು ದಿನ ಇದೆ ಅನ್ನುವಾಗ ಬ್ಯಾಂಕಿನವನ ಕಡೆ ಹಾರಿದಳಲ್ಲ ಎಂದು. ಮುರಿಯಲಿ ಬಿಡಿ, ಮೂಗು ಅವರದು. ಆದರೆ ಆ ಹೆಂಗಸಿನ ಎದೆಗಾರಿಕೆಯಲ್ಲಿ ಕಾಲು ಭಾಗ ಇವರಲ್ಲಿ ಒಬ್ಬರಿಗಾದರೂ ಇದೆಯೇ?

ಸೈಪ್ರಸ್ಸಿನ ಬೇರೆ ಹಳ್ಳಿಗಳಂತೆ ನಮ್ಮೂರಿಗೂ ಎರಡು ಕಾಫಿಯಂಗಡಿ. ಚೌಕದ ಈ ಬದಿಗೆ ಎಡಪಕ್ಷದವರ ಕೆಂಪು ಕುರ್ಚಿಗಳು, ಆ ಬದಿಗೆ ಬಲಪಕ್ಷದವರ ನೀಲಿ ಕುರ್ಚಿಗಳು, ನಡುವೆ ಒಂದು ಹಿಪ್ಪುನೇರಳೆ ಮರ. ಅದರ ನೆರಳು ಬೆಳಿಗ್ಗೆ ಕೆಂಪಿನವರಿಗೆ, ಸಂಜೆ ನೀಲಿಯವರಿಗೆ. ಈ ಅಂಗಡಿಯಿಂದ ಆ ಅಂಗಡಿಗೆ ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆ ದಾಟಿ ಎದುರಂಗಡಿಯ ಕಾಫಿ ಕುಡಿದವನಿಗೆ ಮನೆ ಮುಟ್ಟುವಷ್ಟರಲ್ಲಿ ಹೆಂಡತಿಯೇ "ಯಾವಾಗಿಂದ ಆ ಪಕ್ಷ?" ಎಂದು ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಿದ್ದಳು.

ಥೆಕ್ಲಾ ಹುಟ್ಟಿದ್ದು ನೀಲಿ ಅಂಗಡಿಯ ಮನೆಯಲ್ಲಿ. ಇಪ್ಪತ್ತನೆಯ ವಯಸ್ಸಿನಲ್ಲಿ ಎದುರಿನ ಕೆಂಪು ಅಂಗಡಿಯ ಹಂಬೀಸನನ್ನು ಮದುವೆಯಾದಳು. ಅಪ್ಪ ಉರಿದುಬಿದ್ದ. ಮಗಳನ್ನು ದಿನಾ ಕಣ್ಣೆದುರಿಗೇ ನೋಡುತ್ತ, ಒಂದು ಮಾತಾಡದೆ, ಆರು ವರ್ಷ ಕೂತಲ್ಲೇ ಸವೆದು ಸತ್ತ. ಸಾಯುವಾಗ ಮಗ ಲೊಯಿಝೋಸನ ಕೈ ಹಿಡಿದು, ಆ ಹುಡುಗಿಯ ಹತ್ತಿರ ಮಾತಾಡುವುದಿಲ್ಲ ಎಂದು ಆಣೆ ಮಾಡಿಸಿಕೊಂಡ. ಲೊಯಿಝೋಸ್ ಕೊಟ್ಟ ಮಾತಿಗೆ ತಪ್ಪುವವನಲ್ಲ. ಅಂಥವರ ಜೊತೆ ಬದುಕುವುದು ಎಷ್ಟು ಕಷ್ಟ ಎಂಬುದು ಅವರ ಮನೆಯವರಿಗೇ ಗೊತ್ತು.

ಎಂಬತ್ತಮೂರರ ಚುನಾವಣೆಯಲ್ಲಿ ಒಂದು ವಿಚಿತ್ರ ನಡೆಯಿತು. ಲೊಯಿಝೋಸ್ ತನ್ನ ಹೊಸಿಲ ಮೇಲೆ ನಿಂತು ಎದುರಿಗೆ ಕೂಗಿದ:

"ಏಯ್ ಕೆಂಪಂಗಡಿ! ಬೆಲೆ ಏರಿದಾಗಲೆಲ್ಲ ತುಟ್ಟಿಭತ್ಯೆ ಏರಿಸ್ತಾ ಹೋದ್ರೆ ದುಡ್ಡು ಎಲ್ಲಿಂದ ಬರುತ್ತೆ? ನಿಮ್ಮ ತಾತ ಅಚ್ಚು ಹಾಕ್ತಾನಾ?"

ಹಂಬೀಸ್ ಒಳಗೆ ಲೋಟ ತೊಳೆಯುತ್ತಿದ್ದ. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದವಳು ಥೆಕ್ಲಾ. ಅವಳ ಬಾಯಿ ಸುಮ್ಮನಿರಲಿಲ್ಲ.

"ಬೆಲೆ ಏರಿಸಿದೋನು ನಿಮ್ಮ ತಾತ, ಮೊದಲು ಅವನನ್ನ ಕೇಳು! ತುಟ್ಟಿಭತ್ಯೆ ಅನ್ನೋದು ಭಿಕ್ಷೆ ಅಲ್ಲ. ಹೋದ ವರ್ಷ ಜೇಬಿಂದ ಕದ್ದಿದ್ದನ್ನ ಈ ವರ್ಷ ವಾಪಸ್ ಕೊಡೋದು!"

ಇಬ್ಬರ ತಾತನೂ ಒಬ್ಬನೇ ಆದ್ದರಿಂದ ಚೌಕ ಗೊಳ್ಳೆಂದು ನಕ್ಕಿತು. ನಕ್ಕು ಮುಗಿದ ಮೇಲೆ ಎಲ್ಲರ ಮುಖವೂ ಸಪ್ಪಗಾಯಿತು. ಆಣೆ ಮುರಿದಂತಾಯಿತಲ್ಲ! ಲೊಯಿಝೋಸ್ ಬಿಳಿಚಿಕೊಂಡು ಪಾದ್ರಿ ಸಾವಾಸರ ಹತ್ತಿರ ಓಡಿದ. ಪಾದ್ರಿ ಗಡ್ಡ ನೀವಿಕೊಂಡು ಯೋಚಿಸಿ, "ನೀನು ಅವಳ ಹೆಸರು ಹಿಡಿದೆಯಾ?" ಎಂದು ಕೇಳಿದರು. ಇಲ್ಲ ಅಂದ. "ಹಾಗಾದ್ರೆ ಅದು ಅಂಗಡಿ ಅಂಗಡಿ ಜೊತೆ ಆಡಿದ ಜಗಳ. ಚುನಾವಣೆ ಮಾತು ಮಾತಲ್ಲ. ಓಟಿನ ದಿನದವರೆಗೆ ಆಡ್ಕೋ, ಆಮೇಲೆ ಬಾಯಿ ಮುಚ್ಕೊಂಡಿರು," ಎಂದು ತೀರ್ಪು ಕೊಟ್ಟರು.

ಅಂದಿನಿಂದ ಐದು ವರ್ಷಕ್ಕೊಮ್ಮೆ, ಆರು ವಾರ, ಅಣ್ಣ ತಂಗಿಯ ಧ್ವನಿ ಚೌಕ ದಾಟುತ್ತಿತ್ತು. ಊರಿನವರಿಗೆ ಅದು ಆರ್ಥಿಕ ನೀತಿಯ ಚರ್ಚೆ. ಕಿವಿ ಇದ್ದವರಿಗೆ ಬೇರೆಯೇ ಕೇಳಿಸುತ್ತಿತ್ತು. "ನಿಮ್ಮ ಪಕ್ಷದ ಆಸ್ಪತ್ರೆ ಯೋಜನೆ ನೆಚ್ಚಿಕೊಂಡ್ರೆ ಮೊಣಕಾಲು ನೋವಿರೋರು ಸಾಯೋವರೆಗೂ ಕುಂಟಬೇಕು!" ಎಂದು ಅವನು ಕೂಗಿದರೆ ಅವನ ಮೊಣಕಾಲು ಕೈಕೊಟ್ಟಿದೆ ಎಂದು ಇವಳಿಗೆ ತಿಳಿಯುತ್ತಿತ್ತು. ಹಂಬೀಸ್ ತೀರಿಕೊಂಡಾಗ ಚುನಾವಣೆ ದೂರ ಇತ್ತು. ಹೆಣ ಚೌಕ ದಾಟುವಾಗ ಲೊಯಿಝೋಸ್ ಹೊಸಿಲ ಮೇಲೆ ಟೋಪಿ ತೆಗೆದು ನಿಂತ, ಅಷ್ಟೇ. ಎರಡು ವರ್ಷ ಕಾದು, ಪ್ರಚಾರ ಶುರುವಾದ ಮೊದಲ ಬೆಳಿಗ್ಗೆಯೇ ಕೇಳಿದ: "ಏಯ್ ಕೆಂಪಂಗಡಿ! ನಿಮ್ಮ ವಿಧವಾ ಪಿಂಚಣಿಯಲ್ಲಿ ಹೆಂಗಸೊಬ್ಬಳು ಹೊಟ್ಟೆ ತುಂಬ ಉಣ್ತಾಳಾ?" ಥೆಕ್ಲಾ "ಉಣ್ತಾಳೆ! ಹೊಟ್ಟೆಗೇನೂ ಕಮ್ಮಿಯಿಲ್ಲ!" ಎಂದು ಕೂಗಿ ಒಳಗೆ ಹೋಗಿ ಒಲೆಯ ಮುಂದೆ ಅತ್ತಳು.

ಈಗ ಆ ಚಳಿಗಾಲಕ್ಕೆ ಬರೋಣ. ಥೆಕ್ಲಾಳಿಗೆ ಎಪ್ಪತ್ತಮೂರು, ಲೊಯಿಝೋಸನಿಗೆ ಎಪ್ಪತ್ತೆಂಟು. ಜನವರಿಯ ಮೊದಲ ವಾರ ರೊಟ್ಟಿ ಅಂಗಡಿಯಲ್ಲಿ ಅತ್ತಿಗೆ ದೆಸ್ಪೊ ಸಿಕ್ಕಳು. ಅವಳಿಗೆ ಆಣೆಗೀಣೆ ಇರಲಿಲ್ಲ, ಕಂಡಾಗಲೆಲ್ಲ ಮಾತಾಡುತ್ತಿದ್ದಳು. ಅಂದು ಮಾತ್ರ ರೊಟ್ಟಿಯನ್ನು ಎದೆಗವಚಿಕೊಂಡು ಗೋಡೆ ಕಡೆ ತಿರುಗಿ ಹೇಳಿದಳು.

"ನಿಮ್ಮಣ್ಣಂಗೆ ಗಂಟಲಲ್ಲಿ ಗಡ್ಡೆ ಕಣೇ. ಓಟಾದ ಮಾರನೇ ದಿನ ನಿಕೋಸಿಯಾದಲ್ಲಿ ಆಪರೇಷನ್ನು. ಧ್ವನಿಪೆಟ್ಟಿಗೆನೇ ತೆಗೀತಾರಂತೆ. ಜೀವ ಉಳಿಯುತ್ತೆ, ಮಾತು ಉಳಿಯಲ್ಲ."

"ಈಗ ಮಾತಾಡಬಾರದು ಅಂದಿದ್ದಾರಾ?"

"ಆಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಅಂದ್ರು. ಇವರೋ ಮನೇಲಿ ತುಟಿ ಪಿಟಕ್ ಅನ್ನಲ್ಲ. ಗೋಡೆ ನೋಡ್ಕೊಂಡು ಕೂತಿರ್ತಾರೆ."

ಥೆಕ್ಲಾ ರೊಟ್ಟಿ ಕೊಳ್ಳುವುದನ್ನೇ ಮರೆತು ಮನೆಗೆ ಬಂದಳು. ಆರು ವಾರ ಇದೆ, ಸಾಕು, ಎಂದು ಲೆಕ್ಕ ಹಾಕಿದಳು. ಆ ಧ್ವನಿಯನ್ನು ಆರು ವಾರ ಕಿವಿತುಂಬ ಕೇಳಿಸಿಕೊಳ್ಳಬೇಕು, ಅದೊಂದೇ ಅವಳಿಗೆ ಬೇಕಾಗಿದ್ದುದು.

ಆದರೆ ಆ ಹಾಳು ಪಕ್ಷದವರು ನೋಡಿ! ನಲವತ್ತು ವರ್ಷ ಹಾವು ಮುಂಗುಸಿಯಂತೆ ಇದ್ದವರು ಆ ವರ್ಷವೇ ಕೈಕೈ ಹಿಡಿದುಕೊಂಡರು. ತುಟ್ಟಿಭತ್ಯೆ ರದ್ದು ಮಾಡುತ್ತೇನೆ, ಕರೆಂಟು ಇಲಾಖೆ ಮಾರುತ್ತೇನೆ, ಅರವತ್ತೆಂಟರವರೆಗೆ ಪಿಂಚಣಿ ಕೇಳಬೇಡಿ ಎನ್ನುತ್ತ ಒಬ್ಬ ಬ್ಯಾಂಕಿನ ಮಾಜಿ ದೊಡ್ಡ ಮನುಷ್ಯ ಸ್ಪರ್ಧೆಗೆ ಇಳಿದಿದ್ದ. ಅವನನ್ನು ಸೋಲಿಸಬೇಕೆಂದು ಕೆಂಪಿನವರೂ ನೀಲಿಯವರೂ ಸೇರಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಒಬ್ಬ ಮೇಷ್ಟ್ರನ್ನು ನಿಲ್ಲಿಸಿದರು. ನಮ್ಮೂರಿನಲ್ಲಿ ಎರಡೂ ಅಂಗಡಿಯ ಗೋಡೆಗೆ ಒಂದೇ ಮೇಷ್ಟ್ರ ಒಂದೇ ಪಟ ಅಂಟಿಕೊಂಡಿತು. ಜಗಳಕ್ಕೆ ವಿಷಯವೇ ಇಲ್ಲ! ಥೆಕ್ಲಾ ಹೊಸಿಲ ಮೇಲೆ ನಿಂತು, "ಏಯ್ ನೀಲಿಯಂಗಡಿ! ಮೇಷ್ಟ್ರು ಹೇಳೋ ತೆರಿಗೆ ವಿಷಯ ಏನಂತೀಯ?" ಎಂದಳು. ಲೊಯಿಝೋಸ್ ಕೂತಲ್ಲಿಂದ ಸರಿ ಎಂಬಂತೆ ತಲೆ ಅಲ್ಲಾಡಿಸಿದ. ಮಾರನೇ ದಿನವೂ ತಲೆ ಅಲ್ಲಾಡಿಸಿದ. ಹೀಗೇ ಮೂರು ವಾರ ಮಣ್ಣುಪಾಲಾಯಿತು.

ಓಟಿಗೆ ಹದಿನೆಂಟು ದಿನ ಇರುವಾಗ ಒಂದು ಬೆಳಿಗ್ಗೆ ಥೆಕ್ಲಾ ಗೋಡೆಯ ಮೇಲಿದ್ದ ಹಂಬೀಸನ ಪಟವನ್ನು ಮುಖ ಗೋಡೆಗೆ ಬರುವಂತೆ ತಿರುಗಿಸಿದಳು. "ನೀನು ಕೇಳಿಸ್ಕೋಬೇಡ," ಎಂದಳು. ಏಪ್ರನ್ನಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದು, ಊರು ಬೆಚ್ಚಿಬೀಳುವಂತೆ ಕೂಗಿದಳು.

"ಏಯ್ ನೀಲಿಯಂಗಡಿ! ಈ ಸಲ ನನ್ನ ಓಟು ಬ್ಯಾಂಕಿನವನಿಗೆ! ತುಟ್ಟಿಭತ್ಯೆ ಕಿತ್ತು ಬಿಸಾಕಲಿ! ಕರೆಂಟು ಮಾರಲಿ!"

ಅಲ್ಲೇ ಕೂತಿದ್ದ ಕೊಕೋಸ್, ಗಣಿ ಸಂಘದ ಹಳೇ ಹುಲಿ, ಕಾಫಿ ನೆತ್ತಿಗೇರಿ ಕೆಮ್ಮಿದ.

"ಏನಮ್ಮಾ ಇದು? ಬೆಳಿಗ್ಗೆ ಬೆಳಿಗ್ಗೆನೇ ದ್ರಾಕ್ಷಿ ಸಾರಾಯಿ ಏರಿಸಿದೀಯಾ?"

"ಕುಡಿದಿರೋದು ನೀರು. ನನ್ನ ಓಟು, ನನ್ನಿಷ್ಟ."

"ಹಂಬೀಸ್ ಗೋರಿಯಿಂದ ಎದ್ದು ಬರ್ತಾನೆ ನೋಡ್ತಿರು!"

"ಬರಲಿ, ಕಾಫಿ ಕೊಡ್ತೀನಿ."

ಎದುರಿಗೆ ಲೊಯಿಝೋಸ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಬಾಯಿ ಬಿಡಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಥೆಕ್ಲಾ ಕಣ್ಣು ಮುಚ್ಚಿಕೊಂಡು, "ಅರವತ್ತೆಂಟರವರೆಗೆ ದುಡೀಲಿ! ಕೂತು ತಿಂದು ಕೊಬ್ಬಿದಾರೆ ನಮ್ಮೂರ ಗಂಡಸರು!" ಎಂದುಬಿಟ್ಟಳು. ಕೊಕೋಸ್ ಎದ್ದ. ಅವನ ಹಿಂದೆ ಉಳಿದ ಏಳು ಜನವೂ ಎದ್ದರು. ಎದ್ದು ಹೋಗುವುದಾದರೂ ಎಲ್ಲಿಗೆ? ನೀಲಿ ಅಂಗಡಿಗೆ ಹೋದರೆ ಜಾತಿಕೆಟ್ಟ ಹಾಗೆ. ಚರ್ಚಿನ ಮೆಟ್ಟಿಲ ಮೇಲೆ, ಫೆಬ್ರವರಿಯ ಚಳಿಯಲ್ಲಿ, ಕಾಫಿಯಿಲ್ಲದೆ ಸಾಲಾಗಿ ಕೂತು ಹಲ್ಲು ಕಡಿದರು. ಐವತ್ತು ವರ್ಷದಲ್ಲಿ ಮೊದಲ ಸಲ ಕೆಂಪು ಕುರ್ಚಿಗಳು ಬರಿದಾದವು. ಆದರೂ ಥೆಕ್ಲಾ ಬಾಗಿಲು ಬಿಟ್ಟು ಕದಲಲಿಲ್ಲ.

ಆಗ ಎದುರಿನಿಂದ ಒಂದು ಧ್ವನಿ ಬಂತು. ಒಡೆದ, ಸವೆದ, ಮರಳು ತುಂಬಿದಂಥ ಧ್ವನಿ.

"ಏಯ್ ಕೆಂಪಂಗಡಿ. ತಲೆ ನೆಟ್ಟಗಿದೆಯಾ? ತುಟ್ಟಿಭತ್ಯೆ ಅನ್ನೋದು ಭಿಕ್ಷೆ ಅಲ್ಲ. ಹೋದ ವರ್ಷ ಜೇಬಿಂದ ಕದ್ದಿದ್ದನ್ನ ಈ ವರ್ಷ ವಾಪಸ್ ಕೊಡೋದು."

ಥೆಕ್ಲಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅದು ಅವಳದೇ ಮಾತು. ಎಂಬತ್ತಮೂರರದು, ಒಂದಕ್ಷರ ಆಚೀಚೆಯಿಲ್ಲ.

ಆಮೇಲೆ ದಿನಾ ನಡೆಯಿತು. ಕರೆಂಟು ಮಾರಬೇಕು ಎಂದು ಇವಳು ಕೂಗಿದರೆ, "ಈ ಬೆಟ್ಟಕ್ಕೆ ಕಂಬ ಹೊತ್ತು ತಂದೋರು ಯಾರು, ಕಂಪನಿಯೋರಾ? ಎಂಟು ಮನೆಗೆ ದೀಪ ಹಾಕಿದ್ರೆ ಏನು ಲಾಭ ಅಂತ ಕೇಳಿ ವಾಪಸ್ ಹೋಗಿರೋರು!" ಎಂದು ಅವನು ಎಂಬತ್ತೆಂಟರಲ್ಲಿ ಅವಳು ಹೇಳಿದ್ದನ್ನೇ ಹೇಳಿದ. ಪಿಂಚಣಿಗೆ ತೊಂಬತ್ತೆಂಟರ ಮಾತು, ಬ್ಯಾಂಕಿಗೆ ಆಮೇಲಿನ ಯಾವುದೋ ಚುನಾವಣೆಯ ಮಾತು. ನಲವತ್ತು ವರ್ಷ ಇವಳ ಬಾಯಿಂದ ಬಿದ್ದದ್ದನ್ನೆಲ್ಲ ಆ ಮನುಷ್ಯ ಒಂದೂ ಕಳೆಯದೆ ಇಟ್ಟುಕೊಂಡಿದ್ದ. ಒಂದು ದಿನ ಅವಳ ವಾದ ತೀರಾ ಹಳಸಿದಾಗ ರೇಗಿಯೂಬಿಟ್ಟ: "ಥೂ, ಬಲದ ಕಡೆಯ ವಾದ ಮಾಡೋದು ಹೀಗಾ? ನಾನು ಇಷ್ಟು ವರ್ಷ ಚೆನ್ನಾಗಿ ಕಟ್ಟಿದ್ದನ್ನ ಹಾಳು ಮಾಡ್ತಿದೀಯಲ್ಲ!" ಥೆಕ್ಲಾ ಒಳಗೆ ಹೋಗಿ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡು ನಕ್ಕಳು. ಅವಳಿಗೆ ಅಂಥ ಸುಖದ ದಿನಗಳು ಬಹಳ ಕಾಲದಿಂದ ಬಂದಿರಲಿಲ್ಲ.

ಪ್ರಚಾರ ಮುಗಿಯುವ ಶುಕ್ರವಾರ ಮಧ್ಯಾಹ್ನ ಇಡೀ ಊರು ಚೌಕದಲ್ಲಿತ್ತು. ಚರ್ಚಿನ ಮೆಟ್ಟಿಲ ಮೇಲೆ ಕೊಕೋಸ್ ಮತ್ತವನ ಏಳು ಜನ, ಬಾಗಿಲಲ್ಲಿ ಮುದುಕ ಪಾದ್ರಿ ಸಾವಾಸ್. ಲೊಯಿಝೋಸ್ ನಿಂತು ತೆರಿಗೆಯ ವಿಷಯ ಎತ್ತಿಕೊಂಡ. "ಬಡವನ ರೊಟ್ಟಿಗೂ ಸಾಹುಕಾರನ ಕಾರಿಗೂ ಒಂದೇ…" ಅನ್ನುವಷ್ಟರಲ್ಲಿ ಧ್ವನಿ ಕಡಿದುಹೋಯಿತು. ಮತ್ತೆ ಶುರುಮಾಡಿದ, ಮತ್ತೆ ಕಡಿದುಹೋಯಿತು. ಮೂರನೇ ಸಲ ಬಾಯಿ ತೆರೆದಾಗ ಬರೀ ಗಾಳಿ ಬಂತು. ಅವನು ಕುತ್ತಿಗೆಗೆ ಕೈಹಚ್ಚಿಕೊಂಡು, ಸೋತವನಂತೆ ಇವಳ ಕಡೆ ನೋಡಿದ.

ಥೆಕ್ಲಾ ಎರಡು ಹೆಜ್ಜೆ ಮುಂದೆ ಬಂದಳು.

"ಏಯ್ ನೀಲಿಯಂಗಡಿ! ಸಾಕು. ನಾನು ಸೋತೆ. ನಿನ್ನ ಮಾತೇ ಸರಿ. ನನ್ನ ಓಟು ಮೇಷ್ಟ್ರಿಗೆ."

ಆ ಚೌಕದಲ್ಲಿ ಯಾರೂ ಯಾರಿಗೂ ಎಂದೂ ಹೇಳದ ಮಾತು ಅದು. ಕೊಕೋಸ್ ಟೋಪಿ ತೆಗೆದ, ಯಾಕೆ ತೆಗೆದೆ ಎಂದು ಅವನಿಗೇ ಗೊತ್ತಿರಲಿಲ್ಲ. ಲೊಯಿಝೋಸ್ ಬಹಳ ಹೊತ್ತು ನಿಂತಿದ್ದ. ಗಂಟಲಲ್ಲಿ ಉಳಿದಿದ್ದ ಕಡೆಯ ಚೂರನ್ನು ಒಟ್ಟುಮಾಡಿಕೊಳ್ಳುತ್ತಿದ್ದ ಎಂದು ಆಮೇಲೆ ತಿಳಿಯಿತು.

"ಥೆಕ್ಲಾ," ಅಂದ.

ಹೆಸರು ಹಿಡಿದ! ಆಣೆ ಮಾಡಿದ ನಲವತ್ತೇಳು ವರ್ಷದ ಮೇಲೆ.

"ಥೆಕ್ಲಾ, ಒಳಗೆ ಹೋಗೇ. ಚಳಿ ಇದೆ. ಶಾಲು ಹಾಕ್ಕೋ."

"ಹೂಂ ಅಣ್ಣಾ," ಎಂದಳು ಅವಳು. ಹೋಗಿ ಶಾಲು ಹಾಕಿಕೊಂಡಳು. ಎಲ್ಲರೂ ಪಾದ್ರಿಯ ಮುಖ ನೋಡಿದರು. "ನನಗೆ ಈಚೆಗೆ ಕಿವಿ ಸರಿಯಾಗಿ ಕೇಳಿಸಲ್ಲಪ್ಪಾ," ಎಂದು ಅವರು ಒಳಗೆ ನಡೆದರು.

ಆ ಚುನಾವಣೆಯಲ್ಲಿ ಗೆದ್ದವರು ಯಾರು ಎಂದು ಕೇಳಿದರೆ ಥೆಕ್ಲಾ ಇವತ್ತಿಗೂ ಸ್ವಲ್ಪ ಯೋಚಿಸಿ ಹೇಳುತ್ತಾಳೆ. ಕೊಕೋಸ್ ಒಂದು ವಾರದ ಮೇಲೆ ಬಂದು ತನ್ನ ಕುರ್ಚಿಯಲ್ಲಿ ಕೂತು, "ಸಕ್ಕರೆ ಜಾಸ್ತಿ," ಎಂದಷ್ಟೇ ಹೇಳಿದ. ಅವಳು ಜಾಸ್ತಿ ಹಾಕಿದಳು. ಯಾರಿಗೂ ಏನೂ ವಿವರಿಸಲಿಲ್ಲ.

ಲೊಯಿಝೋಸ್ ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಊರಿಗೆ ಬಂದ. ಮುಂದಿನ ಅಧ್ಯಕ್ಷರ ಚುನಾವಣೆ ಬರುವ ಹೊತ್ತಿಗೆ ಎರಡು ಪಕ್ಷಗಳೂ ಮತ್ತೆ ಕಿತ್ತಾಡಿಕೊಂಡು ಬೇರೆಯಾಗಿದ್ದವು, ದೇವರು ದೊಡ್ಡವನು. ಮೊದಲ ಬೆಳಿಗ್ಗೆ ಲೊಯಿಝೋಸ್ ಹಿತ್ತಾಳೆ ತಟ್ಟೆ, ಚಮಚ ಹಿಡಿದು ಹೊಸಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತ. ಥೆಕ್ಲಾ ಶಾಲು ಹೊದ್ದು ಬಂದು ಮೊದಲು ತನ್ನ ಮಾತು ಕೂಗಿದಳು. ಆಮೇಲೆ ಅವನ ಮಾತನ್ನೂ ತಾನೇ ಕೂಗಿದಳು, "ಏಯ್ ಕೆಂಪಂಗಡಿ! ದುಡ್ಡು ಎಲ್ಲಿಂದ ಬರುತ್ತೆ?" ಎಂದು. ಎದುರಿನಿಂದ ಚಮಚ ತಟ್ಟೆಯ ಮೇಲೆ ಢಣಢಣ ಬಡಿಯಿತು.

"ಏನಣ್ಣಾ, ತಪ್ಪಾಯ್ತಾ?"

ಢಣ್.

"ಸರಿ ಬಿಡು, ತಾತ ಅಚ್ಚು ಹಾಕೋ ಮಾತು ಬಿಟ್ಟುಹೋಯ್ತು. ಮತ್ತೆ ಮೊದಲಿಂದ ಹೇಳ್ತೀನಿ."